ವಿದೇಶದ ಕಾಫಿ ತೋಟ ನೋಡೋಕೆ ಹೊರಟಿದ್ದೀರಾ? ಪಾಸ್‌ಪೋರ್ಟ್‌ನಿಂದ ಗಂಬೂಟ್‌ವರೆಗೆ ಪೂರ್ತಿ ತಯಾರಿ



"ವಿಯೆಟ್ನಾಂನಲ್ಲಿ ಎಕರೆಗೆ ಅಷ್ಟು ರೋಬಸ್ಟಾ ಹೇಗೆ ಬರುತ್ತೆ? ಒಮ್ಮೆ ಹೋಗಿ ನೋಡಿ ಬರಬೇಕು" ಅನ್ನೋ ಮಾತು ಈಗ ವಿರಾಜಪೇಟೆಯಿಂದ ಶನಿವಾರಸಂತೆವರೆಗೆ ಎಲ್ಲ ಕಡೆ ಕೇಳಿಸುತ್ತೆ. 2023ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಲ್ಲಿ ವಿಶ್ವ ಕಾಫಿ ಸಮ್ಮೇಳನ ನಡೆದಾಗ ಹೊರದೇಶದ ಬೆಳೆಗಾರರು, ಖರೀದಿದಾರರು ನಮ್ಮ ಹತ್ತಿರಕ್ಕೇ ಬಂದಿದ್ರು. ಆಮೇಲೆ ಈ ಆಸೆ ಇನ್ನೂ ಜಾಸ್ತಿ ಆಗಿದೆ. ಒಳ್ಳೇದೇ. ಬೇರೆಯವರ ತೋಟದಲ್ಲಿ ಒಂದು ದಿನ ಓಡಾಡಿದ್ರೆ ಹತ್ತು ಯೂಟ್ಯೂಬ್ ವಿಡಿಯೊಗಿಂತ ಹೆಚ್ಚು ತಿಳಿಯುತ್ತೆ.

ಆದರೆ ಪ್ರವಾಸದ ಬಗ್ಗೆ ಸಿಗೋ ಸಲಹೆಗಳೆಲ್ಲ ಸಂಬಳದವರಿಗೆ ಬರೆದದ್ದು. ನಮಗೆ ರಜೆ ಅರ್ಜಿ ಇಲ್ಲ, ಸ್ಯಾಲರಿ ಸ್ಲಿಪ್ ಇಲ್ಲ, ಹಿಂದೆ ಬಿಟ್ಟು ಹೋಗೋದು ಬೀಗ ಹಾಕಿದ ಫ್ಲಾಟ್ ಅಲ್ಲ, ಫಸಲಿರೋ ತೋಟ. ವಾಪಸ್ ಬರುವಾಗ ನಮ್ಮ ಬೂಟಿನ ಮಣ್ಣಲ್ಲಿ ಏನು ಬರುತ್ತೆ ಅನ್ನೋದು ಇಡೀ ಜಿಲ್ಲೆಯ ಪ್ರಶ್ನೆ. ಅದಕ್ಕೇ ಈ ವಾರ ಬೆಳೆಗಾರರಿಗೆ ಬೇಕಾದ ತಯಾರಿ ಏನು ಅಂತ ನೋಡೋಣ. ಉದಾಹರಣೆಗೆ ವಿಯೆಟ್ನಾಂ ಇಟ್ಟುಕೊಂಡಿದ್ದೀನಿ. ಬೇರೆ ದೇಶಕ್ಕೆ ಹೋಗೋರಿಗೂ ಹೆಚ್ಚಿನದು ಅನ್ವಯಿಸುತ್ತೆ.

1. ಯಾವಾಗ ಹೋಗೋದು?

ಟಿಕೆಟ್ ಯಾವಾಗ ಅಗ್ಗ ಅಂತ ನೋಡೋ ಮೊದಲು ತೋಟ ಯಾವಾಗ ಬಿಡುವು ಕೊಡುತ್ತೆ ಅಂತ ನೋಡಿ.

- ನವೆಂಬರ್‌ನಿಂದ ಜನವರಿ: ಅರೇಬಿಕಾ ಕೊಯ್ಲು
- ಜನವರಿಯಿಂದ ಮಾರ್ಚ್: ರೋಬಸ್ಟಾ ಕೊಯ್ಲು, ಕಣದ ಕೆಲಸ
- ಫೆಬ್ರವರಿಯಿಂದ ಏಪ್ರಿಲ್: ಹೂಮಳೆಗೆ ಕಾಯೋದು ಅಥವಾ ಸ್ಪ್ರಿಂಕ್ಲರ್ ಹಾಕೋದು, ಮೆಣಸು ಕೊಯ್ಲು
- ಮೇ, ಜೂನ್: ಮರಗಸಿ, ಬೋರ್ಡೋ ಸಿಂಪಡಣೆ
- ಜೂನ್‌ನಿಂದ ಸೆಪ್ಟೆಂಬರ್: ಮಳೆ, ಕೊಳೆರೋಗದ ಮೇಲೆ ಕಣ್ಣು

ರೋಬಸ್ಟಾ ಮುಖ್ಯವಾಗಿ ಇರೋರಿಗೆ ನನ್ನ ಸಲಹೆ: ಅಕ್ಟೋಬರ್‌ನಲ್ಲಿ ತುಲಾ ಸಂಕ್ರಮಣ ಮುಗಿಸಿ ಹೊರಡಿ, ಹುತ್ತರಿ ಹೊತ್ತಿಗೆ ಮನೆ ಸೇರಿ. ವಿಯೆಟ್ನಾಂನ ಡಾಕ್ ಲಾಕ್ ಪ್ರಾಂತ್ಯದಲ್ಲಿ ರೋಬಸ್ಟಾ ಕೊಯ್ಲು ಹೆಚ್ಚುಕಡಿಮೆ ಅದೇ ಹೊತ್ತಿಗೆ, ನವೆಂಬರ್‌ನಲ್ಲಿ ಜೋರಾಗುತ್ತೆ. ನಮ್ಮಲ್ಲಿ ಶುರುವಾಗೋ ಮೊದಲೇ ಅವರ ಕೊಯ್ಲು, ಒಣಗಿಸೋ ರೀತಿ ನೋಡಿ ಬರಬಹುದು. ಒಂದೇ ತೊಂದರೆ, ಆ ತಿಂಗಳಲ್ಲಿ ಅಲ್ಲಿನ ಮಧ್ಯಭಾಗಕ್ಕೆ ಚಂಡಮಾರುತದ ಮಳೆ ಬರೋದುಂಟು. ಕಾರ್ಯಕ್ರಮದಲ್ಲಿ ಎರಡು ದಿನ ಖಾಲಿ ಬಿಟ್ಟಿರಿ.

ಅರೇಬಿಕಾ ಇರೋರು ಮೆಣಸು ಕೊಯ್ದು, ಬೋರ್ಡೋ ಶುರುವಾಗೋ ಮೊದಲು, ಏಪ್ರಿಲ್ ಕೊನೆಯ ಹತ್ತು ದಿನ ನೋಡಬಹುದು. ಕಾಫಿ ಹಬ್ಬ ನೋಡಲೇಬೇಕು ಅನ್ನೋರಿಗೆ: ಡಾಕ್ ಲಾಕ್‌ನ ಮುಖ್ಯ ಪಟ್ಟಣ ಬುವೋನ್ ಮಾ ಥೂಟ್‌ನಲ್ಲಿ ಅದು ಎರಡು ವರ್ಷಕ್ಕೊಮ್ಮೆ ಮಾರ್ಚ್‌ನಲ್ಲಿ ನಡೆಯುತ್ತೆ. 2023ರಲ್ಲಿ, 2025ರಲ್ಲಿ ನಡೆದಿದೆ. ಆದರೆ ಮಾರ್ಚ್ ನಮ್ಮ ಹೂವಿನ ಕಾಲ. ಮನೆಯಲ್ಲಿ ಇನ್ನೊಬ್ಬರು ತೋಟ ನೋಡಿಕೊಳ್ಳೋರು ಇದ್ರೆ ಮಾತ್ರ ಯೋಚಿಸಿ.

2. ಪಾಸ್‌ಪೋರ್ಟ್: ಮನೆ ಹೆಸರಿನ ತಲೆನೋವು

ಅರ್ಜಿಯನ್ನು ಸರ್ಕಾರದ ಪಾಸ್‌ಪೋರ್ಟ್ ಸೇವಾ ವೆಬ್‌ಸೈಟ್ ಅಥವಾ ಎಂ-ಪಾಸ್‌ಪೋರ್ಟ್ ಸೇವಾ ಆ್ಯಪ್‌ನಲ್ಲೇ ಹಾಕಿ. ಹೆಸರು ಹೋಲುವ ನಕಲಿ ಸೈಟ್‌ಗಳಿವೆ. ವಿಳಾಸ "ಗವ್ ಡಾಟ್ ಇನ್" ಅಂತ ಮುಗಿಯುತ್ತಾ ನೋಡಿ. ವಯಸ್ಕರಿಗೆ 36 ಪುಟದ, 10 ವರ್ಷದ ಪಾಸ್‌ಪೋರ್ಟ್‌ಗೆ ಶುಲ್ಕ 1,500 ರೂಪಾಯಿ. ತತ್ಕಾಲ್ ಆದ್ರೆ ಮೇಲೆ 2,000. ಮೈಸೂರಿನ ಅಂಚೆ ಕಚೇರಿ ಪಾಸ್‌ಪೋರ್ಟ್ ಕೇಂದ್ರ 2017ರಿಂದ ಇದೆ. ಮಂಗಳೂರಲ್ಲೂ ಸೇವಾ ಕೇಂದ್ರ ಇದೆ. ನಿಮಗೆ ಯಾವುದು ಹತ್ತಿರವೋ ಅಲ್ಲಿ ದಿನ ಬುಕ್ ಮಾಡಿ.

ಕೊಡಗಿನವರಿಗೆ ಇಲ್ಲೊಂದು ವಿಶೇಷ ತೊಂದರೆ. ಕೊಡವರಾಗಲಿ, ಅರೆಭಾಷೆ ಗೌಡರಾಗಲಿ, ನಮ್ಮಲ್ಲಿ ಮನೆತನದ ಹೆಸರು ಮೊದಲು ಬರುತ್ತೆ. ಹತ್ತನೇ ಕ್ಲಾಸಿನ ಅಂಕಪಟ್ಟಿಯಲ್ಲಿ ಅದು ಬರೀ ಇನಿಷಿಯಲ್, ಆಧಾರ್‌ನಲ್ಲಿ ಇನಿಷಿಯಲ್ ಕೊನೆಗೆ, ಪ್ಯಾನ್‌ನಲ್ಲಿ ಪೂರ್ತಿ ಬಿಡಿಸಿ ಬರೆದಿರುತ್ತೆ, ಆರ್‌ಟಿಸಿಯಲ್ಲಿ ಇನ್ನೊಂದು ತರ. ಪಾಸ್‌ಪೋರ್ಟ್‌ಗೆ ಇನಿಷಿಯಲ್ ಸಾಲದು, ಬಿಡಿಸಿ ಬರೆಯಬೇಕು. ಹಾಗಾಗಿ:

- ಮೊದಲು ಎಲ್ಲ ದಾಖಲೆ ಟೇಬಲ್ ಮೇಲೆ ಹರಡಿ, ಹೆಸರಿನ ಅಕ್ಷರ ಒಂದೊಂದಾಗಿ ಹೋಲಿಸಿ. ವ್ಯತ್ಯಾಸ ಇದ್ರೆ ಆಧಾರ್, ಪ್ಯಾನ್ ತಿದ್ದಿಸಿಕೊಂಡೇ ಅರ್ಜಿ ಹಾಕಿ.
- ಸರ್‌ನೇಮ್ ಜಾಗ ಖಾಲಿ ಬಿಡಬೇಡಿ. ಒಂದೇ ಪದದ ಹೆಸರಿನ ಪಾಸ್‌ಪೋರ್ಟ್‌ಗೆ ಯುಎಇ 2022ರ ನವೆಂಬರ್‌ನಿಂದ ಪ್ರವಾಸಿ ವೀಸಾ ಕೊಡ್ತಿಲ್ಲ. ದುಬೈ ದಾರಿಯಲ್ಲಿ ಹೋಗಿ ಎರಡು ದಿನ ಇಳಿಯೋ ಯೋಚನೆ ಇದ್ರೆ ಇದು ಮುಖ್ಯ.
- ಪೊಲೀಸ್ ಪರಿಶೀಲನೆ ಸಮಯದಲ್ಲಿ ಅರ್ಜಿಯಲ್ಲಿ ಕೊಟ್ಟ ವಿಳಾಸದಲ್ಲೇ ಇರಿ. ತೋಟದ ಮನೆ, ಪೇಟೆ ಮನೆ ಎರಡೂ ಇದ್ರೆ ಯಾವ ವಿಳಾಸ ಕೊಟ್ಟಿದ್ದೀರಿ ಅಂತ ನೆನಪಿರಲಿ.
- ಪಾಸ್‌ಪೋರ್ಟ್ ಇದ್ದೋರು ಅದರ ಅವಧಿ ನೋಡಿ. ಪ್ರಯಾಣದ ದಿನದಿಂದ ಕನಿಷ್ಠ ಆರು ತಿಂಗಳು ಬಾಕಿ ಇರಬೇಕು ಅಂತ ಹಲವು ದೇಶಗಳು ಕೇಳ್ತವೆ.

3. ವೀಸಾ: ರೈತನ ಆದಾಯ ತೋರಿಸೋದು ಹೇಗೆ?

ವಿಯೆಟ್ನಾಂ ಈ ವಿಷಯದಲ್ಲಿ ಸುಲಭ. 2023ರ ಆಗಸ್ಟ್ 15ರಿಂದ 90 ದಿನದವರೆಗಿನ ಇ-ವೀಸಾ ಕೊಡ್ತಿದೆ. ಒಮ್ಮೆ ಪ್ರವೇಶಕ್ಕೆ 25 ಡಾಲರ್, ಹಲವು ಬಾರಿ ಪ್ರವೇಶಕ್ಕೆ 50. ಅವರ ಸರ್ಕಾರಿ ಸೈಟ್ "ಗವ್ ಡಾಟ್ ವಿಎನ್" ಅಂತ ಮುಗಿಯುತ್ತೆ. ಹೆಚ್ಚಿಗೆ ದುಡ್ಡು ಕೇಳೋ ಮಧ್ಯವರ್ತಿ ಸೈಟ್‌ಗಳಿಂದ ದೂರ ಇರಿ. ಮೂರು ವಾರ ಮುಂಚೆ ಅರ್ಜಿ ಹಾಕಿ, ಪಾಸ್‌ಪೋರ್ಟ್‌ನಲ್ಲಿ ಇರೋ ಹಾಗೇ ಹೆಸರು ಬರೆಯಿರಿ, ಬಂದ ವೀಸಾವನ್ನು ಪ್ರಿಂಟ್ ಮಾಡಿ ಇಟ್ಟುಕೊಳ್ಳಿ.

ಯುರೋಪ್, ಬ್ರಿಟನ್, ಆಸ್ಟ್ರೇಲಿಯಾ ಆದ್ರೆ ಕಥೆ ಬೇರೆ. ಅಲ್ಲಿ ಆದಾಯ ತೆರಿಗೆ ರಿಟರ್ನ್, ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ನೋಡ್ತಾರೆ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲ, ಹಾಗಾಗಿ ನಮ್ಮಲ್ಲಿ ತುಂಬಾ ಜನ ರಿಟರ್ನ್ ಹಾಕಿಯೇ ಇರಲ್ಲ. ಇನ್ನೊಂದು ಕಷ್ಟ: ನಮ್ಮ ಖಾತೆಗೆ ದುಡ್ಡು ಬರೋದು ವರ್ಷಕ್ಕೆ ಒಂದೆರಡು ಸಲ. ಹತ್ತು ತಿಂಗಳು ಖಾಲಿ ಇದ್ದ ಖಾತೆಗೆ ಮಾರ್ಚ್‌ನಲ್ಲಿ ಒಮ್ಮೆಲೇ ಲಕ್ಷಗಟ್ಟಲೆ ಬಂದ್ರೆ, ವೀಸಾ ಅಧಿಕಾರಿಗೆ ಅದು ಯಾರೋ ಕೈಸಾಲ ತಂದು ತೋರಿಸಿದ ಹಾಗೆ ಕಾಣುತ್ತೆ.

ಇದಕ್ಕೆ ಪರಿಹಾರ ಇದೆ:

- ಕೃಷಿ ಆದಾಯವನ್ನು ವಿನಾಯಿತಿ ಆದಾಯ ಅಂತ ತೋರಿಸಿ ರಿಟರ್ನ್ ಸಲ್ಲಿಸಬಹುದು. ಒಂದೆರಡು ವರ್ಷ ಮುಂಚೆಯಿಂದಲೇ ಶುರು ಮಾಡಿ. ಕಾಫಿಯನ್ನು ನೀವೇ ಕ್ಯೂರಿಂಗ್ ಮಾಡಿಸಿ ಅಥವಾ ಪುಡಿ ಮಾಡಿ ಮಾರ್ತಿದ್ರೆ ಅದರಲ್ಲಿ ಒಂದು ಭಾಗಕ್ಕೆ ತೆರಿಗೆ ಅನ್ವಯಿಸುತ್ತೆ, ಆಡಿಟರ್ ಹತ್ತಿರ ಕೇಳಿ.
- ಕಾಫಿ, ಮೆಣಸು ಮಾರಿದ ಬಿಲ್‌ಗಳನ್ನು ಬ್ಯಾಂಕಿಗೆ ಬಂದ ಮೊತ್ತದ ಜೊತೆ ಹೊಂದಿಸಿ ಕೊಡಿ.
- ಆರ್‌ಟಿಸಿ, ಕಾಫಿ ಮಂಡಳಿಯ ನೋಂದಣಿ, ಇದ್ರೆ ಸಾವಯವ ಪ್ರಮಾಣಪತ್ರ ಲಗತ್ತಿಸಿ. ಕನ್ನಡ ದಾಖಲೆಗೆ ಇಂಗ್ಲಿಷ್ ಅನುವಾದ ಬೇಕು.
- "ನಮ್ಮ ಕೊಯ್ಲು ವರ್ಷಕ್ಕೊಮ್ಮೆ, ಆದಾಯ ಇಂಥ ತಿಂಗಳಲ್ಲಿ ಬರುತ್ತೆ, ಇಂಥ ದಿನದೊಳಗೆ ಕೊಯ್ಲಿಗೆ ವಾಪಸ್ ಬರಬೇಕು" ಅಂತ ಒಂದು ಪುಟದ ಪತ್ರ ಬರೆಯಿರಿ. ನೀವು ವಾಪಸ್ ಬರ್ತೀರಿ ಅನ್ನೋದಕ್ಕೆ ನಿಮ್ಮ ತೋಟವೇ ಸಾಕ್ಷಿ.

ಇನ್ನೊಂದು ಮಾತು. ಪ್ರವಾಸಿ ವೀಸಾದಲ್ಲಿ ಹೋಗಿ ಕೆಲಸಕ್ಕೆ ಸೇರಿ ಅಂತ ಯಾರಾದ್ರೂ ವಾಟ್ಸ್ಆ್ಯಪ್‌ನಲ್ಲಿ ಕರೆದ್ರೆ ಹೋಗಬೇಡಿ. ಕಾಂಬೋಡಿಯಾ, ಮ್ಯಾನ್ಮಾರ್ ಕಡೆ ಹೀಗೆ ಹೋದ ಭಾರತದ ಹುಡುಗರು ಸೈಬರ್ ವಂಚನೆ ಮಾಡಿಸೋ ಜಾಲದಲ್ಲಿ ಸಿಕ್ಕಿಬಿದ್ದಿದ್ದಾರೆ.

4. ತೋಟ ಯಾರ ಕೈಗೆ?

ಹತ್ತು ದಿನಕ್ಕೆ ಆದ್ರೂ ಬರವಣಿಗೆಯಲ್ಲಿ ಒಪ್ಪಿಸಿ. ಮನೆಯವರಿಗೆ ಅಥವಾ ರೈಟರ್‌ಗೆ ಒಂದು ಹಾಳೆ: ಯಾವ ದಿನ ಯಾವ ಕೆಲಸ, ಕೂಲಿ ಎಷ್ಟು, ಪಂಪಿನ ಕೀಲಿ ಎಲ್ಲಿ, ಸೋಲಾರ್ ಬೇಲಿಯ ಬ್ಯಾಟರಿ ಯಾವಾಗ ನೋಡಬೇಕು, ಆನೆ ಬಂದ್ರೆ ಅರಣ್ಯ ಇಲಾಖೆಯ ಯಾವ ನಂಬರಿಗೆ ಫೋನ್ ಮಾಡಬೇಕು. ಕೂಲಿ ದುಡ್ಡು ಮುಂಚೆಯೇ ಇಟ್ಟು ಹೋಗಿ. ಸೊಸೈಟಿಯ ಬೆಳೆ ಸಾಲದ ಗಡುವು ನೀವಿಲ್ಲದ ದಿನಗಳಲ್ಲಿ ಬರುತ್ತಾ ನೋಡಿ. ಗಡುವು ಮೀರಿದ್ರೆ ಬಡ್ಡಿ ರಿಯಾಯಿತಿ ಕೈತಪ್ಪುತ್ತೆ.

5. ಬ್ಯಾಗ್ ಕಟ್ಟುವಾಗ

ಕೊಡಗಿನವರಿಗೆ ಇದು ಬಹಳ ಮುಖ್ಯ: ಬೆಟ್ಟಕ್ಕೆ, ಶೂಟಿಂಗ್ ಸ್ಪರ್ಧೆಗೆ ಒಯ್ದ ಹಳೇ ಬ್ಯಾಗು, ಜಾಕೆಟ್ಟು ವಿಮಾನಕ್ಕೆ ಬೇಡವೇ ಬೇಡ. ಮೂಲೆಯಲ್ಲಿ ಒಂದು ಕಾಡತೂಸು ಉಳಿದಿದ್ರೂ ವಿಮಾನ ನಿಲ್ದಾಣದಲ್ಲಿ ಪೊಲೀಸ್ ಕೇಸ್ ಆಗುತ್ತೆ. ಖಾಲಿ ತೋಟೆಗೂ ಗಂಟೆಗಟ್ಟಲೆ ವಿಚಾರಣೆ ಎದುರಿಸಬೇಕಾಗಬಹುದು. ಮನೆಯಲ್ಲಿ ಕೋವಿ ಇಟ್ಟುಕೊಳ್ಳೋಕೆ ನಮಗಿರೋ ವಿನಾಯಿತಿ ಅಲ್ಲಿ ಉಪಯೋಗಕ್ಕೆ ಬರಲ್ಲ. ಹೊಸ ಬ್ಯಾಗ್ ಇಲ್ಲದಿದ್ರೆ ಪ್ರತಿ ಜೇಬು ತಿರುಗಿಸಿ ನೋಡಿ. ಮದುವೆಗೆ ಅಂತ ಕುಪ್ಯಚೇಲೆ ಜೊತೆ ಪೀಚೆಕತ್ತಿ ಒಯ್ಯೋರು ಅದನ್ನು ಕೈಚೀಲದಲ್ಲಿ ಇಡಲೇಬಾರದು. ಚೆಕ್-ಇನ್ ಲಗೇಜಿನಲ್ಲಿ ಒಯ್ಯಬಹುದಾ, ಹೋಗೋ ದೇಶದಲ್ಲಿ ಒಪ್ತಾರಾ ಅಂತ ಮೊದಲೇ ವಿಮಾನ ಸಂಸ್ಥೆಯನ್ನು ಕೇಳಿ.

ಕೈಚೀಲದಲ್ಲಿ 100 ಮಿಲಿಲೀಟರ್‌ಗಿಂತ ದೊಡ್ಡ ದ್ರವದ ಬಾಟಲಿ ಬಿಡಲ್ಲ. ಕಾಚಂಪುಳಿ, ಜೇನು, ಉಪ್ಪಿನಕಾಯಿ ಎಲ್ಲ ಇದರಲ್ಲೇ ಬರುತ್ತೆ. ಪವರ್ ಬ್ಯಾಂಕ್ ಮಾತ್ರ ಕೈಚೀಲದಲ್ಲೇ ಇರಬೇಕು. ಆಸ್ಟ್ರೇಲಿಯಾ, ನ್ಯೂಜಿಲೆಂಡಿನ ನೆಂಟರಿಗೆ ಒಯ್ಯೋರು ತಿಂಡಿ, ಮಸಾಲೆ ಏನೇ ಇದ್ರೂ ಫಾರಂನಲ್ಲಿ ಬರೆದು ತೋರಿಸಬೇಕು. ನ್ಯೂಜಿಲೆಂಡಿಗೆ ಜೇನು ಬಿಡಲ್ಲ. ಬಚ್ಚಿಟ್ಟು ಸಿಕ್ಕಿಬಿದ್ರೆ ಸ್ಥಳದಲ್ಲೇ 400 ನ್ಯೂಜಿಲೆಂಡ್ ಡಾಲರ್ ದಂಡ.

ಅಲ್ಲಿನ ರೈತರಿಗೆ ಉಡುಗೊರೆಯಾಗಿ ನಿಮ್ಮದೇ ತೋಟದ ಹುರಿದ ಕಾಫಿ ಪುಡಿಯ ಸೀಲ್ ಮಾಡಿದ ಪ್ಯಾಕೆಟ್ ಒಯ್ಯಿರಿ. ಮಾತು ಶುರು ಮಾಡೋಕೆ ಅದಕ್ಕಿಂತ ಒಳ್ಳೇದು ಇಲ್ಲ. ಹಸಿ ಬೀಜ, ಮೆಣಸಿನ ಬಳ್ಳಿ, ಏಲಕ್ಕಿ ಕಂದು ಬೇಡ.

ನಮ್ಮ ಜಿಲ್ಲೆಯಲ್ಲಿ ರೈಲೂ ಇಲ್ಲ, ವಿಮಾನ ನಿಲ್ದಾಣವೂ ಇಲ್ಲ. ಗಲ್ಫ್ ಕಡೆಗೆ ಹೋಗೋ ವಿರಾಜಪೇಟೆ ಕಡೆಯವರಿಗೆ 2018ರ ಡಿಸೆಂಬರ್‌ನಲ್ಲಿ ಶುರುವಾದ ಕಣ್ಣೂರು ನಿಲ್ದಾಣ ಹತ್ತಿರ. ಮಳೆಗಾಲದಲ್ಲಿ ಮಾಕುಟ್ಟ ಘಾಟಿ ತೆರೆದಿದೆಯಾ ನೋಡಿಕೊಂಡು ಹೊರಡಿ. ಬೆಂಗಳೂರು ನಿಲ್ದಾಣಕ್ಕೆ ಮೈಸೂರಿಂದ ಕೆಎಸ್‌ಆರ್‌ಟಿಸಿ ಫ್ಲೈಬಸ್ ಇದೆ. ವಿಮಾನಕ್ಕೆ ಮೂರು ಗಂಟೆ ಮುಂಚೆ ಒಳಗಿರೋ ಹಾಗೆ ಲೆಕ್ಕ ಹಾಕಿ.

6. ದುಡ್ಡು, ಫೋನ್, ಆರೋಗ್ಯ

- ಬ್ಯಾಂಕಿನಿಂದ ಫಾರೆಕ್ಸ್ ಕಾರ್ಡ್ ಮಾಡಿಸಿ, ಸ್ವಲ್ಪ ಡಾಲರ್ ನೋಟು ಕೈಯಲ್ಲಿರಲಿ. ಯುಪಿಐ ಎಲ್ಲ ದೇಶದಲ್ಲೂ ನಡೆಯಲ್ಲ.
- ವಿಯೆಟ್ನಾಂ ಡಾಂಗ್‌ನಲ್ಲಿ ಸೊನ್ನೆ ಜಾಸ್ತಿ. ಒಂದು ರೂಪಾಯಿಗೆ ಸುಮಾರು 300 ಡಾಂಗ್. 20,000 ಮತ್ತು 5,00,000ದ ನೋಟು ಎರಡೂ ನೀಲಿ ಬಣ್ಣ. ಒಂದರ ಬೆಲೆ 70 ರೂಪಾಯಿ ಆಸುಪಾಸು, ಇನ್ನೊಂದು 1,600ಕ್ಕೂ ಮೇಲೆ. ಬೇರೆ ಬೇರೆ ಜೇಬಲ್ಲಿ ಇಡಿ.
- ಬ್ಯಾಂಕ್ ಒಟಿಪಿ ಬರೋದು ಇಲ್ಲಿನ ಸಿಮ್‌ಗೆ. ಹೊರಡೋ ಮೊದಲೇ ರೋಮಿಂಗ್ ಆನ್ ಮಾಡಿಸಿ. ಇಂಟರ್ನೆಟ್‌ಗೆ ಅಲ್ಲಿನ ಸಿಮ್ ತಗೊಳ್ಳಿ.
- ಗೂಗಲ್ ಟ್ರಾನ್ಸ್‌ಲೇಟ್‌ನಲ್ಲಿ ವಿಯೆಟ್ನಾಮಿ ಭಾಷೆಯನ್ನು ಆಫ್‌ಲೈನ್ ಡೌನ್‌ಲೋಡ್ ಮಾಡಿ. ತೋಟಗಳಲ್ಲಿ ಇಂಗ್ಲಿಷ್ ಸಿಗೋದು ಕಮ್ಮಿ.
- ಪ್ರವಾಸ ವಿಮೆ ಮಾಡಿಸಿ. ದಿನಾ ತಗೊಳ್ಳೋ ಮಾತ್ರೆ ಇದ್ರೆ ಡಾಕ್ಟರ ಚೀಟಿ ಜೊತೆಗಿರಲಿ.
- ಇಥಿಯೋಪಿಯಾ, ಕೆನ್ಯಾ, ಉಗಾಂಡಾ, ಬ್ರೆಜಿಲ್, ಕೊಲಂಬಿಯಾದ ಕಾಫಿ ನೋಡೋಕೆ ಹೋಗೋರಿಗೆ ಹಳದಿ ಜ್ವರದ ಲಸಿಕೆ ಬೇಕು. ಅದೂ ಕನಿಷ್ಠ ಹತ್ತು ದಿನ ಮುಂಚೆ, ಸರ್ಕಾರ ಮಾನ್ಯ ಮಾಡಿದ ಕೇಂದ್ರದಲ್ಲೇ. ಸರ್ಟಿಫಿಕೇಟ್ ಇಲ್ಲದೆ ವಾಪಸ್ ಬಂದ್ರೆ ನಮ್ಮವರೇ ಆರು ದಿನದವರೆಗೆ ಪ್ರತ್ಯೇಕವಾಗಿ ಇಡಬಹುದು.
- ಪಾಸ್‌ಪೋರ್ಟ್ ಕಳೆದ್ರೆ: ಹನೋಯಿಯಲ್ಲಿ ಭಾರತದ ರಾಯಭಾರ ಕಚೇರಿ, ಹೋ ಚಿ ಮಿನ್ ನಗರದಲ್ಲಿ ಕಾನ್ಸುಲೇಟ್ ಇದೆ. ಫೋಟೊ ಪ್ರತಿಯನ್ನು ಮನೆಯವರ ಫೋನಿಗೂ ಕಳಿಸಿ.

7. ಅಲ್ಲಿ ಏನು ನೋಡಬೇಕು, ಏನು ಕೇಳಬೇಕು?

ಹೊರಡೋ ಮೊದಲು ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರಕ್ಕೆ ಒಂದು ದಿನ ಹೋಗಿ ಬನ್ನಿ. ನಿಮ್ಮ ತೋಟದ ಲೆಕ್ಕವನ್ನೂ ಬರೆದಿಟ್ಟುಕೊಳ್ಳಿ: ಎಕರೆಗೆ ಗಿಡ ಎಷ್ಟು, ಇಳುವರಿ ಎಷ್ಟು, ಗೊಬ್ಬರಕ್ಕೆ, ಕೂಲಿಗೆ, ನೀರಿಗೆ ಖರ್ಚು ಎಷ್ಟು, ಮಣ್ಣಿನ ಪಿಎಚ್ ಎಷ್ಟು. ಇದು ಗೊತ್ತಿಲ್ಲದೆ ಹೋದ್ರೆ ಹೋಲಿಸೋಕೆ ಏನೂ ಇರಲ್ಲ.

ಹೋ ಚಿ ಮಿನ್ ನಗರದಿಂದ ಬುವೋನ್ ಮಾ ಥೂಟ್‌ಗೆ ಸುಮಾರು 350 ಕಿಲೋಮೀಟರ್. ರಾತ್ರಿ ಸ್ಲೀಪರ್ ಬಸ್ಸಲ್ಲಿ ಮಲಗಿದ್ರೆ ಬೆಳಿಗ್ಗೆ ತಲುಪ್ತೀರಿ, ವಿಮಾನವೂ ಇದೆ. ಅಲ್ಲಿ ವಾಸಿ ಅಂತ ಕರೆಯೋ ಪಶ್ಚಿಮ ಮಲೆನಾಡಿನ ಕೃಷಿ ಸಂಶೋಧನಾ ಸಂಸ್ಥೆ ಇದೆ. ಟಿಆರ್4, ಟಿಆರ್9 ಎಂಬ ರೋಬಸ್ಟಾ ತಳಿಗಳು ಅವರದ್ದು. ಒಂದು ತಿಂಗಳು ಮುಂಚೆ ಇಮೇಲ್ ಬರೆದು ಭೇಟಿಗೆ ಅವಕಾಶ ಕೇಳಿ.

ವಿಯೆಟ್ನಾಂನಲ್ಲಿ ಎಕರೆಗೆ ಸರಾಸರಿ ಒಂದು ಟನ್ ಆಸುಪಾಸು ಹಸಿರು ಕಾಫಿ ಬರುತ್ತೆ. ನಮ್ಮ ದೇಶದ ರೋಬಸ್ಟಾ ಸರಾಸರಿ ಅದರ ಅರ್ಧಕ್ಕಿಂತ ಕಡಿಮೆ. ಈ ಅಂಕಿ ನೋಡಿ ಮನೆಗೆ ಬಂದ ತಕ್ಷಣ ನೆರಳಿನ ಮರ ಕಡಿಯೋಕೆ ಹೊರಡೋರಿದ್ದಾರೆ. ಸ್ವಲ್ಪ ತಡೀರಿ. ಅಲ್ಲಿ ಬಹುತೇಕ ಬಯಲಲ್ಲಿ ಬೆಳೀತಾರೆ, ರಸಗೊಬ್ಬರ ಜಾಸ್ತಿ, ಬೇಸಿಗೆಯಲ್ಲಿ ಬಾವಿ ನೀರನ್ನು ಮತ್ತೆ ಮತ್ತೆ ಹಾಯಿಸ್ತಾರೆ. ನಮ್ಮ ಇಳಿಜಾರಿನಲ್ಲಿ, ನಮ್ಮ ಮಳೆಗೆ ಮರ ತೆಗೆದ್ರೆ ಮೇಲ್ಮಣ್ಣು ಹೊಳೆ ಸೇರುತ್ತೆ. ಹಾಗಾಗಿ ಇಳುವರಿ ಒಂದನ್ನೇ ಕೇಳಬೇಡಿ, ಇವನ್ನೂ ಕೇಳಿ:

- ಹತ್ತು ವರ್ಷದ ಹಿಂದೆ ಬಾವಿಯಲ್ಲಿ ನೀರು ಎಷ್ಟು ಅಡಿಗೆ ಸಿಗ್ತಿತ್ತು? ಈಗ?
- ಗಿಡ ಎಷ್ಟು ವರ್ಷಕ್ಕೆ ಬದಲಾಯಿಸ್ತೀರಿ? ಹಳೇ ಗಿಡಕ್ಕೆ ಕಸಿ ಕಟ್ತೀರಾ?
- ಹಣ್ಣು ಒಂದೇ ಸಲ ಬಳಿದು ಕೊಯ್ತೀರಾ, ಆರಿಸಿ ಕೊಯ್ತೀರಾ? ಬೆಲೆಯಲ್ಲಿ ವ್ಯತ್ಯಾಸ ಎಷ್ಟು?
- ಕೊಯ್ಲಿಗೆ ಜನ ಎಲ್ಲಿಂದ ಬರ್ತಾರೆ?
- ಕಾಫಿ ಬಿಟ್ಟು ದುರಿಯನ್ ಹಾಕಿದೋರು ಎಷ್ಟು ಜನ, ಯಾಕೆ?

ಮೆಣಸಿನ ಬಗ್ಗೆ ಕೇಳೋದು ಮರೀಬೇಡಿ. ಮೆಣಸಲ್ಲಿ ಈಗ ಜಗತ್ತಿಗೇ ಮೊದಲ ಸ್ಥಾನ ವಿಯೆಟ್ನಾಂದು. 2015ರ ಸುಮಾರಿಗೆ ಬೆಲೆ ಏರಿದಾಗ ಅಲ್ಲಿನವರು ಕಂಬ ನೆಟ್ಟು ಎಲ್ಲೆಂದರಲ್ಲಿ ಬಳ್ಳಿ ಹಬ್ಬಿಸಿದ್ರು. ಆಮೇಲೆ ಬೆಲೆ ಕುಸೀತು, ಸೊರಗು ರೋಗವೂ ಬಂತು, ಸಾಲ ಉಳೀತು. ಆ ಮೆಣಸಿನ ಬಿಸಿ ನಮಗೂ ತಟ್ಟಿದೆ. 2017ರ ಡಿಸೆಂಬರ್‌ನಲ್ಲಿ ನಮ್ಮ ಸರ್ಕಾರ ಕಿಲೋಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ನಿಗದಿ ಮಾಡಿದ್ದು ಅಗ್ಗದ ಆಮದು ಮೆಣಸನ್ನು ತಡೆಯೋಕೇ. ಅಲ್ಲಿ ಯಾವುದು ಸೋತಿತು ಅಂತ ತಿಳಿಯೋದೂ ಗೆದ್ದದ್ದನ್ನು ತಿಳಿದಷ್ಟೇ ಲಾಭ.

8. ಸ್ವಲ್ಪ ಖುಷಿಯೂ ಇರಲಿ

ಎಲ್ಲ ದಿನವೂ ತೋಟ ಸುತ್ತಬೇಡಿ. ಬುವೋನ್ ಮಾ ಥೂಟ್‌ನಲ್ಲಿ ಎಡೆ ಜನಾಂಗದ ಉದ್ದನೆಯ ಮರದ ಮನೆಗಳಿವೆ. ಕುಟುಂಬ ದೊಡ್ಡದಾದ ಹಾಗೆ ಮನೆಯನ್ನೂ ಉದ್ದ ಮಾಡ್ತಾ ಹೋಗ್ತಾರೆ. ಅವರಲ್ಲಿ ವಂಶ ನಡೆಯೋದು ತಾಯಿಯ ಕಡೆಯಿಂದ. ಐನ್‌ಮನೆಯಲ್ಲಿ ಬೆಳೆದೋರಿಗೆ ಅಲ್ಲಿ ಕೂತು ಮಾತಾಡೋಕೆ ತುಂಬಾ ವಿಷಯ ಸಿಗುತ್ತೆ. ಜಾಗಟೆ ಬಾರಿಸೋ ಅವರ ಸಂಪ್ರದಾಯಕ್ಕೆ ಯುನೆಸ್ಕೊ ಮಾನ್ಯತೆ ಇದೆ. ಊರಿನ ಕಾಫಿ ಮ್ಯೂಸಿಯಂ, ಡ್ರೇ ನುರ್ ಜಲಪಾತ ನೋಡಿ. ನಮ್ಮ ಫಿಲ್ಟರ್‌ನ ತಮ್ಮನ ಹಾಗಿರೋ "ಫಿನ್"ನಲ್ಲಿ ತೊಟ್ಟು ತೊಟ್ಟಾಗಿ ಇಳಿಯೋ ಕಾಫಿ ಕುಡೀರಿ. ಹಂದಿಮಾಂಸ, ಅಕ್ಕಿ ನೂಡಲ್ಸ್ ಎಲ್ಲ ಕಡೆ ಸಿಗುತ್ತೆ. ಸಸ್ಯಾಹಾರಿಗಳು "ಆನ್ ಚಾಯ್" ಅನ್ನೋ ಎರಡು ಪದ ಕಲಿತಿರಿ.

9. ವಾಪಸ್ ಬರುವಾಗ: ಬೀಜ ಬೇಡ, ಮಣ್ಣು ಬೇಡ

ಈ ಲೇಖನದಲ್ಲಿ ಒಂದೇ ಭಾಗ ನೆನಪಿಡೋದಾದ್ರೆ ಇದನ್ನು ನೆನಪಿಡಿ.

ಬಾಬಾ ಬುಡನ್ ಏಳು ಬೀಜ ತಂದ ಕಥೆ ನಮಗೆಲ್ಲ ಹೆಮ್ಮೆ. ಆದರೆ ಗಿಡದ ಜೊತೆ, ಮಣ್ಣಿನ ಜೊತೆ ರೋಗ, ಕೀಟಗಳೂ ಬರ್ತವೆ ಅನ್ನೋದು ಆಮೇಲಿನ ಚರಿತ್ರೆ. 1869ರಲ್ಲಿ ಸಿಲೋನ್‌ನಲ್ಲಿ ಕಾಣಿಸಿಕೊಂಡ ಎಲೆತುಕ್ಕು ರೋಗ ಅಲ್ಲಿನ ಕಾಫಿಯನ್ನೇ ಮುಗಿಸಿತು, ನಮ್ಮ ಬೆಟ್ಟಗಳಿಗೂ ಬಂತು. ಕಾಯಿಕೊರಕ ನಮ್ಮ ದೇಶದಲ್ಲಿ ಮೊದಲು ಕಂಡದ್ದು 1990ರಲ್ಲಿ, ನೀಲಗಿರಿಯ ಗೂಡಲೂರಿನಲ್ಲಿ. ಇವತ್ತು ಅದಿಲ್ಲದ ರೋಬಸ್ಟಾ ತೋಟ ಹುಡುಕಬೇಕು. ಶನಿವಾರಸಂತೆ ಕಡೆ ಕಾಫಿ ಗಿಡ ಏರೋ ಆಫ್ರಿಕನ್ ದೈತ್ಯ ಬಸವನಹುಳು 1847ರಲ್ಲಿ ಒಬ್ಬರು ಮಾರಿಷಸ್‌ನಿಂದ ಕಲ್ಕತ್ತಾಕ್ಕೆ ತಂದ ಹುಳುಗಳ ಸಂತತಿ.

ಇನ್ನೂ ನಮ್ಮಲ್ಲಿಗೆ ಬಾರದ ರೋಗಗಳಿವೆ. 1922ರಲ್ಲಿ ಕೆನ್ಯಾದಲ್ಲಿ ಗುರುತಿಸಿದ ಕಾಯಿರೋಗ ಅರೇಬಿಕಾದ ಹಸಿರು ಕಾಯಿಯನ್ನೇ ಕೊಳೆಸುತ್ತೆ. 1990ರ ದಶಕದಲ್ಲಿ ಉಗಾಂಡಾದ ರೋಬಸ್ಟಾವನ್ನು ದೊಡ್ಡ ಪ್ರಮಾಣದಲ್ಲಿ ಒಣಗಿಸಿದ ಸೊರಗು ರೋಗದ ಶಿಲೀಂಧ್ರ ಮಣ್ಣಲ್ಲೂ ಬದುಕುತ್ತೆ. ನಾವು ಸಾವಯವದವರಿಗಂತೂ ಇಂಥದ್ದು ಬಂದ್ರೆ ಕೈಯಲ್ಲಿ ಔಷಧವೇ ಇರಲ್ಲ.

ಕಾನೂನೂ ಸ್ಪಷ್ಟ. 2003ರ ಸಸ್ಯ ಕ್ವಾರಂಟೈನ್ ಆದೇಶದ ಪ್ರಕಾರ ಆಮದು ಪರವಾನಗಿ, ಆ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರ ಇಲ್ಲದೆ ಬಿತ್ತೋ ಬೀಜ, ಗಿಡ, ಕಸಿ ಕಡ್ಡಿ ತರೋ ಹಾಗಿಲ್ಲ. ಅಷ್ಟೇ ಅಲ್ಲ, ಕದ್ದು ತಂದ್ರೂ ಪ್ರಯೋಜನ ಇಲ್ಲ. ರೋಬಸ್ಟಾ ಪರಕೀಯ ಪರಾಗಸ್ಪರ್ಶದ ಬೆಳೆ. ಟಿಆರ್4 ಗಿಡದ ಬೀಜ ಬಿತ್ತಿದ್ರೆ ಟಿಆರ್4 ಬರಲ್ಲ. ತಳಿ ಇಷ್ಟ ಆದ್ರೆ ಹೆಸರು, ಫೋಟೊ, ಇಳುವರಿ ಬರೆದುಕೊಂಡು ಬಂದು ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಗೆ ಪತ್ರ ಬರೆಯಿರಿ. ದಾರಿ ನಿಧಾನ, ಆದರೆ ಸರಿಯಾದದ್ದು.

ಪಾಲಿಸಬೇಕಾದ್ದು ಇಷ್ಟು:

- ನಿಮ್ಮ ತೋಟದ ಗಂಬೂಟ್ ಒಯ್ಯಬೇಡಿ. ಅಲ್ಲೇ ಅಗ್ಗದ್ದು ಕೊಂಡು, ಬರುವಾಗ ಅವರಿಗೇ ಕೊಟ್ಟು ಬನ್ನಿ.
- ತೋಟಕ್ಕೆ ಹಾಕಿದ ಬಟ್ಟೆ, ಟೋಪಿಯನ್ನು ಅಲ್ಲೇ ಒಗೆಸಿ, ಬೇರೆ ಕವರಿನಲ್ಲಿ ತನ್ನಿ. ತುಕ್ಕು ರೋಗದ ಧೂಳು ಬಟ್ಟೆಗೂ ಅಂಟುತ್ತೆ. ಮನೆಗೆ ಬಂದು ಬಿಸಿನೀರಲ್ಲಿ ಮತ್ತೊಮ್ಮೆ ಒಗೆಯಿರಿ.
- ಚಪ್ಪಲಿಯ ಅಡಿ ಬ್ರಷ್ ಹಾಕಿ ಉಜ್ಜಿ ತೊಳೆದು ಒಣಗಿಸಿ. ಅದನ್ನು ಹಾಕಿಕೊಂಡು ತೋಟಕ್ಕೆ ಇಳಿಯಬೇಡಿ.
- ನೆನಪಿಗೆ ತರೋದಾದ್ರೆ ಹುರಿದ ಕಾಫಿ, ಫಿನ್ ಫಿಲ್ಟರ್ ತನ್ನಿ. ಹಣ್ಣು, ಹಸಿ ಬೀಜ, ಮಣ್ಣಿನ ಸ್ಯಾಂಪಲ್ ಬೇಡ.
- ವಿದೇಶಿ ಅತಿಥಿಗಳು ನಿಮ್ಮ ಹೋಮ್‌ಸ್ಟೇಗೆ ಬಂದಾಗಲೂ ತೋಟ ಸುತ್ತೋಕೆ ನಿಮ್ಮದೇ ಬೂಟು ಕೊಡಿ.

ಈ ವಾರ ಮಾಡಬೇಕಾದ ಮೂರು ಕೆಲಸ

1. ಆಧಾರ್, ಪ್ಯಾನ್, ಅಂಕಪಟ್ಟಿಯಲ್ಲಿ ಹೆಸರು ಹೋಲಿಸಿ ನೋಡಿ.
2. ಈ ವರ್ಷದ ಕಾಫಿ, ಮೆಣಸಿನ ಬಿಲ್‌ಗಳ ಫೋಟೊ ತೆಗೆದು ಫೋನಿನಲ್ಲಿ ಒಂದೇ ಫೋಲ್ಡರಿಗೆ ಹಾಕಿ.
3. ನಿಮ್ಮ ತೋಟದ ಒಂದೇ ಒಂದು ಸಮಸ್ಯೆ ಆರಿಸಿ ಬರೆಯಿರಿ. ಹಳೇ ಗಿಡ ಬದಲಾಯಿಸೋದೋ, ಒಣಗಿಸೋದೋ, ಕೂಲಿಯವರು ಸಿಗದೇ ಇರೋದೋ, ಯಾವುದಾದ್ರೂ ಸರಿ. ಪ್ರವಾಸದ ದೇಶ, ತಿಂಗಳು ಎರಡನ್ನೂ ಆ ಸಮಸ್ಯೆ ನೋಡಿ ತೀರ್ಮಾನ ಮಾಡಿ.

ಹೋಗಿ ಬಂದ ಮೇಲೆ ನೋಡಿದ್ದನ್ನು ಅಕ್ಕಪಕ್ಕದ ತೋಟದವರಿಗೂ ಹೇಳಿ. ಒಬ್ಬರ ಟಿಕೆಟ್ ದುಡ್ಡಲ್ಲಿ ಊರಿಗೇ ಪಾಠ ಆದ್ರೆ ಖರ್ಚು ದಕ್ಕಿದ ಹಾಗೆ. ಪ್ರಯಾಣ ಸುಖವಾಗಲಿ.